ಅಶೋಕನ ಶಾಸನಗಳಲ್ಲಿ ಪ್ರಾಣಿವಧೆ ಮತ್ತು ಮರಣದಂಡನೆ

ಅಶೋಕ ಚಕ್ರವರ್ತಿಯ ಪಾಠವನ್ನು ನಾನು ಐದನೆಯ ತರಗತಿಗೆ ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪಾಠದ ಕ್ರಮವು ಉಪಾಧ್ಯಾಯ ಬಂಧುಗಳೆಲ್ಲರಿಗೂ ತಿಳಿದದ್ದೇ ಆಗಿದೆ. ಕಳಿಂಗ ಯುದ್ಧ, ರಕ್ತಪಾತ, ಪಶ್ಚಾತ್ತಾಪ, ಸಾಲುಮರಗಳು, ಬಾವಿಗಳು. ಕೊನೆಯಲ್ಲಿ, ಅಶೋಕನು ತನ್ನ ರಾಜ್ಯದಲ್ಲಿ ಕೊಲ್ಲುವುದನ್ನೇ ನಿಲ್ಲಿಸಿದನು ಎಂಬ ಒಂದು ವಾಕ್ಯ. ಆ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಮಕ್ಕಳಿಂದ ಬರೆಯಿಸಿದ್ದೇನೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳನ್ನೂ ಕೊಟ್ಟಿದ್ದೇನೆ.

ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಹಾಗಾದರೆ ಮನುಷ್ಯನನ್ನು ಕೊಂದವನಿಗೂ ಅಶೋಕ ಮರಣದಂಡನೆ ಕೊಡುತ್ತಿರಲಿಲ್ಲವೇ?” ಎಂದು ಕೇಳಿದನು. “ಇಲ್ಲಪ್ಪ, ಕುಳಿತುಕೋ” ಎಂದುಬಿಟ್ಟೆನು. ಅಷ್ಟರಲ್ಲಿ ಗಂಟೆ ಬಾರಿಸಿತು. ಹುಡುಗನು ಕುಳಿತನು, ನನ್ನ ಮನಸ್ಸು ಮಾತ್ರ ಕುಳಿತುಕೊಳ್ಳಲಿಲ್ಲ. ಆ ರಾತ್ರಿ ಶಾಸನಗಳ ಪಾಠವನ್ನೂ ಅನುವಾದವನ್ನೂ ತೆರೆದು ನೋಡಿದಾಗ ನಾನು ಹೇಳಿದ ಉತ್ತರವು ತಪ್ಪೆಂದು ತಿಳಿಯಿತು. ಆ ಹುಡುಗನಿಗೆ ನಾನು ಸಲ್ಲಿಸಬೇಕಾಗಿದ್ದ ಸರಿಯುತ್ತರವೇ ಈ ಲೇಖನವಾಗಿದೆ.

ನಮ್ಮ ಆದವಾನಿ ಸೀಮೆಯ ಉಪಾಧ್ಯಾಯರಿಗೆ ಅಶೋಕನು ದೂರದವನಲ್ಲ. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಹತ್ತಿರ ಗುಡ್ಡದ ಬಂಡೆಗಳ ಮೇಲೆ ಅವನ ಹದಿನಾಲ್ಕು ಪ್ರಧಾನ ಶಿಲಾಶಾಸನಗಳೂ ಕಿರು ಶಿಲಾಶಾಸನಗಳೂ ಇವೆ. ಇವು ವಿದ್ವಾಂಸರ ಕಣ್ಣಿಗೆ ಬಿದ್ದುದು ೧೯೨೯ರಲ್ಲಿ. ಮಸ್ಕಿಯ ಶಾಸನವು ೧೯೧೫ರಲ್ಲಿ ದೊರೆತು, ದೇವಾನಾಂಪ್ರಿಯನೆಂಬುವನು ಅಶೋಕನೇ ಎಂಬುದನ್ನು ಹೆಸರಿನಿಂದಲೇ ಖಚಿತಪಡಿಸಿದ್ದನ್ನು ನಾವೆಲ್ಲರೂ ಓದಿದ್ದೇವೆ. ಎರ್ರಗುಡಿಯ ಕಿರುಶಾಸನದಲ್ಲಿ ಒಂದು ವಿಚಿತ್ರವಿದೆ. ಅದರ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋದರೆ, ಕೆಲವು ಸಾಲುಗಳು ಹೊಲವನ್ನು ಉಳುವ ಎತ್ತು ತಿರುಗುವಂತೆ ಬಲದಿಂದ ಎಡಕ್ಕೆ ಬರುತ್ತವೆ. ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿ, ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರವನ್ನು ಹೋಲಿಸಿ ನೋಡುತ್ತ ಅರ್ಧ ದಿನ ನಿಂತಿದ್ದೆನು.

ಮೊದಲನೆಯ ಪ್ರಧಾನ ಶಾಸನವು ಅರಮನೆಯ ಅಡುಗೆಮನೆಯ ವಿಷಯವನ್ನು ಹೇಳುತ್ತದೆ. ಯಜ್ಞಕ್ಕಾಗಿ ಇಲ್ಲಿ ಯಾವ ಜೀವವನ್ನೂ ಕೊಲ್ಲಬಾರದೆಂದು ವಿಧಿಸಿದ ಮೇಲೆ ಅರಸನು ತನ್ನ ಮನೆಯ ಲೆಕ್ಕವನ್ನೇ ಒಪ್ಪಿಸುತ್ತಾನೆ. ಮೊದಲು ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು. ಶಾಸನವನ್ನು ಬರೆಯಿಸುವ ಹೊತ್ತಿಗೆ ಮೂರು ಮಾತ್ರ ಉಳಿದಿದ್ದವು. ಎರಡು ನವಿಲು, ಒಂದು ಜಿಂಕೆ. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದು ಭರವಸೆ ಕೊಡುತ್ತಾನೆ. ಲಕ್ಷದ ಮಾತಿನಲ್ಲಿ ಅತಿಶಯವಿರಬಹುದು. ಆದರೆ ಆ ಮೂರರ ಮಾತಿನಲ್ಲಿ ಅತಿಶಯವಿಲ್ಲ. ತನ್ನ ವ್ರತವಿನ್ನೂ ಪೂರ್ಣವಾಗಿಲ್ಲವೆಂದು ಕಲ್ಲಿನ ಮೇಲೆ ಬರೆಯಿಸಿದ ಅರಸರು ಎಷ್ಟು ಮಂದಿ ಸಿಕ್ಕಾರು?

ಇದರ ಬೆಲೆ ತಿಳಿಯಬೇಕಾದರೆ ಆ ಕಾಲದ ದಂಡನೀತಿಯನ್ನು ನೋಡಬೇಕು. ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಮೈಸೂರಿನಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ನಮಗಿರುವ ದೊಡ್ಡ ಸಹಾಯ. ಅದರ ರಚನೆಯ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದರೂ, ಪ್ರಾಚೀನ ರಾಜ್ಯವು ಕೊಲೆಯನ್ನು ಹೇಗೆ ಅಳೆಯುತ್ತಿತ್ತೆಂಬುದು ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಜಗಳದಲ್ಲಿ ಪೆಟ್ಟು ತಿಂದವನು ಅಲ್ಲಿಯೇ ಸತ್ತರೆ ಹೊಡೆದವನಿಗೆ ಚಿತ್ರಹಿಂಸೆಯೊಡನೆ ವಧೆ. ಏಳು ದಿನದೊಳಗೆ ಸತ್ತರೆ ಹಿಂಸೆಯಿಲ್ಲದ ವಧೆ. ಹದಿನೈದು ದಿನದೊಳಗೆ ಸತ್ತರೆ ಉತ್ತಮದಂಡವೆಂಬ ದೊಡ್ಡ ಜುಲ್ಮಾನೆ. ತಿಂಗಳೊಳಗಾದರೆ ೫೦೦ ಪಣ ಮತ್ತು ಚಿಕಿತ್ಸೆಯ ವೆಚ್ಚ. ಪ್ರಾಣಿಗಳ ವಿಷಯದಲ್ಲಿಯೂ ಇಂಥದೇ ಲೆಕ್ಕವಿದೆ. ಕರುವನ್ನಾಗಲಿ, ಹೋರಿಯನ್ನಾಗಲಿ, ಹಾಲು ಕೊಡುವ ಹಸುವನ್ನಾಗಲಿ ಕಡಿದವನಿಗೆ ೫೦ ಪಣ ದಂಡ. ಆನೆಯ ಕಾಡಿನಲ್ಲಿ ಆನೆಯನ್ನು ಕೊಂದವನಿಗೆ ಮಾತ್ರ ಮರಣವೇ ಶಿಕ್ಷೆ. ತಾನಾಗಿ ಸತ್ತ ಆನೆಯ ಜೋಡಿ ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ.

ಇಲ್ಲಿ ಆನೆಯ ಜೀವಕ್ಕೆ ಮನುಷ್ಯನ ಜೀವ ಸಮವಾಯಿತು. ಆದರೆ ಅದಕ್ಕೆ ದಯೆ ಕಾರಣವಲ್ಲ. ಆನೆ ಅರಸನ ಸೇನೆಯ ಅಂಗ. ರಾಜ್ಯಕ್ಕೆ ಬೇಕಾದ ಪ್ರಾಣಿಯನ್ನು ಕಾಯುವುದು, ರಾಜ್ಯಕ್ಕೆ ಕಂಟಕನಾದ ಮನುಷ್ಯನನ್ನು ಕೊಲ್ಲುವುದು, ಇವೆರಡೂ ಒಂದೇ ದಂಡನೀತಿಯ ಕೆಲಸಗಳಾಗಿದ್ದವು. ಅಶೋಕನು ಸಿಂಹಾಸನವೇರಿದಾಗ ಅವನ ಕೈಗೆ ಬಂದ ರಾಜ್ಯವು ಇಂಥ ನೀತಿಯನ್ನು ಬಲ್ಲ ರಾಜ್ಯವೆಂಬುದರಲ್ಲಿ ಸಂದೇಹವಿಲ್ಲ.

ಈ ನೀತಿಗೆ ಅವನು ಮಾಡಿದ ದೊಡ್ಡ ಬದಲಾವಣೆ ಐದನೆಯ ಸ್ತಂಭಶಾಸನದಲ್ಲಿದೆ. ಪಟ್ಟಾಭಿಷೇಕವಾಗಿ ೨೬ ವರ್ಷಗಳಾದ ಮೇಲೆ, ಎಂದರೆ ಸುಮಾರು ಕ್ರಿ.ಪೂ. ೨೪೩ರಲ್ಲಿ, ಹೊರಡಿಸಿದ ಆಜ್ಞೆಯಿದು. ಕೊಲ್ಲಬಾರದ ಜೀವಿಗಳ ಪಟ್ಟಿಯೊಂದು ಅದರಲ್ಲಿದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಪಾರಿವಾಳ ಮೊದಲಾದವುಗಳ ಹೆಸರುಗಳು ಬರುತ್ತವೆ. ಕೆಲವು ಹೆಸರುಗಳು ಯಾವ ಪ್ರಾಣಿಯವೆಂದು ಪಂಡಿತರಿಗೂ ಇಂದಿಗೂ ಬಗೆಹರಿದಿಲ್ಲ. ಗಬ್ಬವಾದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಗಳನ್ನು ಕೊಲ್ಲಕೂಡದು. ಆರು ತಿಂಗಳೊಳಗಿನ ಮರಿಗಳನ್ನು ಕೊಲ್ಲಕೂಡದು. ಜೀವಿಗಳಿರುವ ಹೊಟ್ಟನ್ನು ಸುಡಕೂಡದು. ವ್ಯರ್ಥವಾಗಿಯಾಗಲಿ, ಪ್ರಾಣಿಗಳನ್ನು ಕೊಲ್ಲುವುದಕ್ಕಾಗಲಿ ಕಾಡಿಗೆ ಬೆಂಕಿಯಿಡಕೂಡದು. ಒಂದು ಜೀವವನ್ನು ಇನ್ನೊಂದು ಜೀವಕ್ಕೆ ಆಹಾರವಾಗಿ ಹಾಕಕೂಡದು. ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿ, ಪುಷ್ಯಮಾಸದ ಹುಣ್ಣಿಮೆಯಲ್ಲಿ, ಉಪವಾಸದ ದಿನಗಳಲ್ಲಿ ಮೀನನ್ನು ಹಿಡಿಯುವುದೂ ಮಾರುವುದೂ ನಿಷಿದ್ಧ.

ಈ ಪಟ್ಟಿಯನ್ನು ಗಮನವಿಟ್ಟು ಓದಿದರೆ ನಮ್ಮ ಪಾಠದ ವಾಕ್ಯ ನಿಲ್ಲುವುದಿಲ್ಲ. ಉಪಯೋಗಕ್ಕೂ ಬಾರದ, ತಿನ್ನಲೂ ಪಡದ ನಾಲ್ಕುಕಾಲಿನ ಪ್ರಾಣಿಗಳನ್ನೆಲ್ಲ ಕೊಲ್ಲಬಾರದೆಂದು ಅಲ್ಲಿದೆ. ತಿನ್ನುವವುಗಳ ಮಾತು ಬೇರೆಯೆಂದೇ ಅದರ ಅರ್ಥವಲ್ಲವೇ? ಗಬ್ಬವಾಗದ, ಹಾಲೂಡಿಸದ ಕುರಿ ಕಟುಕನ ಕೈಗೆ ಹೋಗುತ್ತಿತ್ತು. ನಿಷೇಧದ ದಿನಗಳು ಕಳೆದ ಮೇಲೆ ಬೆಸ್ತನು ಬಲೆ ಬೀಸುತ್ತಿದ್ದನು. ಅಡುಗೆಮನೆಯ ಪ್ರಸಿದ್ಧವಾದ ನವಿಲಿನ ಹೆಸರೂ ಆ ಪಟ್ಟಿಯಲ್ಲಿಲ್ಲ. ಜನರ ಹೊಟ್ಟೆಪಾಡನ್ನು ಒಮ್ಮೆಗೇ ಮುರಿಯದೆ, ಎಲ್ಲಿ ಸಾಧ್ಯವೋ ಅಲ್ಲಿ ಕೊಲೆಯನ್ನು ಕಡಿಮೆ ಮಾಡುವುದು ಆ ಶಾಸನದ ಉದ್ದೇಶವಾಗಿತ್ತು.

ಇನ್ನು ಮನುಷ್ಯರ ವಿಷಯ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಅದರ ಎಷ್ಟೋ ಪಾಲು ಜನ ಬೇರೆ ರೀತಿಯಲ್ಲಿ ಸತ್ತರು ಎಂದು ಹದಿಮೂರನೆಯ ಶಿಲಾಶಾಸನದಲ್ಲಿ ಅಶೋಕನೇ ಹೇಳಿ ದುಃಖಪಡುತ್ತಾನೆ. ಎರ್ರಗುಡಿಯ ಬಂಡೆಯಲ್ಲಿ ಈ ಶಾಸನವಿದೆ. ಆದರೆ ಕಳಿಂಗದಲ್ಲಿಯೇ ಇರುವ ಧೌಲಿ, ಜೌಗಡಗಳಲ್ಲಿ ಇದನ್ನು ಬಿಟ್ಟು ಬೇರೆ ಶಾಸನಗಳನ್ನು ಕೆತ್ತಿಸಿದ್ದಾನೆ. ಇದೇ ಶಾಸನದಲ್ಲಿ ಕಾಡುಜನರಿಗೆ ಒಂದು ಎಚ್ಚರಿಕೆಯೂ ಇದೆ. ಅರಸನು ಪಶ್ಚಾತ್ತಾಪ ಪಟ್ಟವನಾದರೂ ಅವನಿಗೆ ಬಲವಿದೆ. ತಪ್ಪು ದಾರಿಯನ್ನು ಬಿಟ್ಟು ಕೊಲ್ಲಲ್ಪಡದೆ ಉಳಿಯಿರಿ ಎಂಬುದು ಅದರ ಭಾವ. ಕತ್ತಿಯನ್ನು ಒರೆಯಲ್ಲಿ ಇಟ್ಟಿದ್ದನೇ ಹೊರತು ಎಸೆದಿರಲಿಲ್ಲ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನೇರವಾದ ಉತ್ತರವಿರುವುದು ನಾಲ್ಕನೆಯ ಸ್ತಂಭಶಾಸನದಲ್ಲಿ. ಅನೇಕ ಲಕ್ಷ ಜನರ ಮೇಲೆ ನೇಮಕವಾದ ರಜ್ಜುಕರೆಂಬ ಅಧಿಕಾರಿಗಳಿಗೆ ವಿಚಾರಣೆಯ ಮತ್ತು ದಂಡನೆಯ ಅಧಿಕಾರವನ್ನು ಅರಸನು ಅಲ್ಲಿ ಒಪ್ಪಿಸಿದ್ದಾನೆ. ನುರಿತ ದಾದಿಯ ಕೈಗೆ ಮಗುವನ್ನು ಕೊಟ್ಟ ತಾಯಿತಂದೆಗಳು ನಿಶ್ಚಿಂತರಾಗಿರುವಂತೆ ತಾನು ಪ್ರಜೆಗಳನ್ನು ಇವರ ಕೈಗೆ ಕೊಟ್ಟಿದ್ದೇನೆಂದು ಹೇಳುತ್ತಾನೆ. ವಿಚಾರಣೆಯಲ್ಲಿ ಸಮತೆ ಇರಬೇಕು, ದಂಡನೆಯಲ್ಲಿ ಸಮತೆ ಇರಬೇಕು ಎನ್ನುತ್ತಾನೆ. ಆ ಮೇಲೆ ಬರುತ್ತದೆ ಮುಖ್ಯವಾದ ಮಾತು. ಸೆರೆಯಲ್ಲಿದ್ದು ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಡಲಾಗಿದೆ. ಆ ಮೂರು ದಿನಗಳಲ್ಲಿ ಅವರ ಬಂಧುಗಳು ಅಧಿಕಾರಿಗಳ ಮನವೊಲಿಸಿ ಜೀವವನ್ನು ಉಳಿಸಿಕೊಳ್ಳಲು ಯತ್ನಿಸಬಹುದು. ಮನವೊಲಿಸುವವರಿಲ್ಲದಿದ್ದರೆ ಸಾಯುವವರು ದಾನದಿಂದಲೋ ಉಪವಾಸದಿಂದಲೋ ಪರಲೋಕಕ್ಕೆ ಅಣಿಯಾಗಬಹುದು.

ಆದುದರಿಂದ ಅಶೋಕನ ರಾಜ್ಯದಲ್ಲಿ ಮರಣದಂಡನೆ ಇತ್ತು. ಗಿಳಿಯ ಪ್ರಾಣಕ್ಕೆ ಅಭಯವನ್ನಿತ್ತ ಅರಸನು ಸೆರೆಯಾಳಿಗೆ ಮೂರು ದಿನಗಳನ್ನು ಮಾತ್ರ ಕೊಟ್ಟನು. ಪಟ್ಟಾಭಿಷೇಕವಾದಂದಿನಿಂದ ೨೬ ವರ್ಷಗಳಲ್ಲಿ ೨೫ ಸಲ ಸೆರೆಯಾಳುಗಳ ಬಿಡುಗಡೆಯಾಯಿತೆಂದು ಐದನೆಯ ಸ್ತಂಭಶಾಸನದ ಕೊನೆಯಲ್ಲಿದೆಯಾದರೂ, ವಧಾಸ್ಥಾನವನ್ನು ಮುಚ್ಚಿದೆನೆಂದು ಅವನು ಎಲ್ಲಿಯೂ ಹೇಳಿಲ್ಲ.

ಈ ಸ್ತಂಭಗಳು ಉತ್ತರದೇಶದವು. ದೆಹಲಿಯಲ್ಲಿ ಈಗ ನಿಂತಿರುವ ತೋಪ್ರಾ ಸ್ತಂಭವನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅಲ್ಲಿಗೆ ಸಾಗಿಸಿದನು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಅದರ ಲಿಪಿಯನ್ನು ಓದಿದನು. ಆದರೂ ಈ ಸಂಗತಿಯು ನಮ್ಮ ಸೀಮೆಗೆ ಸಂಬಂಧಪಡದ್ದೇನೂ ಅಲ್ಲ. ಎರ್ರಗುಡಿಯ ಕಿರುಶಾಸನದಲ್ಲಿ ಅದೇ ರಜ್ಜುಕನ ಹೆಸರಿದೆ. ಅರಸನ ಮಾತನ್ನು ಅವನು ನಾಡಿನ ಜನಕ್ಕೆ ತಿಳಿಸಬೇಕು: ತಾಯಿತಂದೆಗಳಿಗೂ ಹಿರಿಯರಿಗೂ ವಿಧೇಯರಾಗಿರಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು. ಮಾವುತರೂ ಲಿಪಿಕಾರರೂ ಬೋಧಕರೂ ತಮ್ಮ ಶಿಷ್ಯರಿಗೆ ಇದನ್ನು ಹೇಳಿಕೊಡಬೇಕೆಂದೂ ಅಲ್ಲಿದೆ. ದಂಡನೆಯ ಅಧಿಕಾರವಿದ್ದ ಅಧಿಕಾರಿಯ ಮೂಲಕವೇ ದಯೆಯ ಪಾಠವೂ ನಡೆಯಬೇಕಾಗಿತ್ತು. ಬಂಡೆಯ ಮುಂದೆ ನಿಂತು ಆ ಸಾಲುಗಳನ್ನು ಹುಡುಕುತ್ತಿದ್ದಾಗ, ಅಲ್ಲಿ ಹೇಳಿರುವ ಬೋಧಕರ ಸಾಲಿನಲ್ಲಿ ನಾನೂ ಒಬ್ಬನೆಂಬ ಭಾವನೆ ನನಗುಂಟಾಯಿತು. ಸತ್ಯವನ್ನು ನುಡಿಯಬೇಕೆಂಬ ಮಾತು ಸ್ವಲ್ಪ ಚುಚ್ಚಿತು.

ಹಾಗಾದರೆ ಅಶೋಕನು ಕಪಟಿಯೇ? ಹಾಗೆನ್ನುವುದು ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪಾದೀತು. ತನ್ನ ಕಾಯಿದೆಗಳ ವಿಷಯದಲ್ಲಿ ಅವನಿಗೆ ಭ್ರಾಂತಿ ಇರಲಿಲ್ಲ. ೨೭ನೆಯ ವರ್ಷದ ಏಳನೆಯ ಸ್ತಂಭಶಾಸನದಲ್ಲಿ, ಧರ್ಮವು ಬೆಳೆದದ್ದು ಎರಡು ಬಗೆಯಿಂದ ಎನ್ನುತ್ತಾನೆ: ನಿಯಮದಿಂದ ಮತ್ತು ಮನವೊಲಿಕೆಯಿಂದ. ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂಬುದು ನಿಯಮ. ಆದರೆ ನಿಯಮವು ಹಗುರವಾದದ್ದು, ಜನರು ಹಿಂಸೆಯನ್ನು ಬಿಟ್ಟದ್ದು ಹೆಚ್ಚಾಗಿ ಮನವೊಲಿಕೆಯಿಂದಲೇ ಎಂದು ತನ್ನ ಕಾಯಿದೆಯನ್ನು ತಾನೇ ತೂಗಿ ನೋಡುತ್ತಾನೆ. ಮನವೊಲಿಕೆಗೆ ಅವನು ಬಳಸಿದ ಪ್ರಾಕೃತ ಶಬ್ದಕ್ಕೂ, ಮರಣದಂಡನೆಗೆ ಗುರಿಯಾದವನ ಬಂಧುಗಳು ಅಧಿಕಾರಿಯನ್ನು ಒಲಿಸುವುದಕ್ಕೆ ಬಳಸಿದ ಕ್ರಿಯಾಪದಕ್ಕೂ ಧಾತು ಒಂದೇ. ಆ ಮೂರು ದಿನಗಳು ಯಾವುದಕ್ಕಾಗಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ತೀರ್ಪಿಗೂ ಸಾವಿಗೂ ನಡುವೆ, ಒಬ್ಬರು ಇನ್ನೊಬ್ಬರ ಮನಸ್ಸನ್ನು ತಿರುಗಿಸಲು ಬೇಕಾದಷ್ಟು ಕಾಲವನ್ನು ಅವನು ಕಾಯಿದೆಯಿಂದಲೇ ದೊರಕಿಸಿಕೊಟ್ಟನು.

ಆ ಎಡೆಯನ್ನು ಇಂದಿನ ನ್ಯಾಯವೂ ಕಾಯ್ದುಕೊಂಡಿದೆ. ನಮ್ಮ ದೇಶದಲ್ಲಿ ಮರಣದಂಡನೆಯು ಇನ್ನೂ ಇದೆ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಕೊಲೆಗೆ ಮರಣ ಅಥವಾ ಜೀವಾವಧಿ ಸೆರೆಯೇ ಶಿಕ್ಷೆ. ಆದರೆ ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಲ್ಲಿ ಮಾತ್ರ ಅದನ್ನು ವಿಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೦ರಲ್ಲಿ ಹೇಳಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದ ಸುದ್ದಿ ಕೈದಿಗೆ ಮುಟ್ಟಿದ ಮೇಲೆ ಗಲ್ಲಿನ ದಿನಕ್ಕೆ ಕನಿಷ್ಠ ೧೪ ದಿನಗಳ ಅಂತರವಿರಬೇಕೆಂದು ೨೦೧೪ರಲ್ಲಿ ತೀರ್ಪಿತ್ತಿತು. ಬಂಧುಗಳನ್ನು ಕಾಣುವುದಕ್ಕೆ, ಮನಸ್ಸನ್ನು ಅಣಿಮಾಡಿಕೊಳ್ಳುವುದಕ್ಕೆ, ಕೊನೆಯ ಕಾನೂನು ಯತ್ನಕ್ಕೆ ಆ ದಿನಗಳು. ಮೂರು ದಿನಗಳು ಹದಿನಾಲ್ಕಾಗಿವೆ. ಇತ್ತ, ಅಶೋಕನ ಪಟ್ಟಿಗೆ ಸೇರದೆ ಉಳಿದ ನವಿಲು ೧೯೬೩ರಲ್ಲಿ ನಮ್ಮ ರಾಷ್ಟ್ರಪಕ್ಷಿಯಾಗಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನವನ್ನು ಪಡೆದಿದೆ.

ಶಾಲೆ ತೆರೆದ ಮೇಲೆ ಆ ಹುಡುಗನನ್ನು ಕರೆದು ಎಲ್ಲರೆದುರಿಗೆ, “ಅಂದು ನಾನು ನಿನಗೆ ತಪ್ಪು ಹೇಳಿದ್ದೆನಪ್ಪ, ಅಶೋಕನ ಕಾಲದಲ್ಲಿಯೂ ಮರಣದಂಡನೆ ಇತ್ತು” ಎಂದೆನು. ಮೂರು ದಿನಗಳ ವಿಷಯವನ್ನೂ ತಿಳಿಸಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಮೂರು ದಿನದಲ್ಲಿ ಎಷ್ಟು ಜನ ಉಳಿದರು ಸಾರ್?” ಎಂದು ಕೇಳಿದನು. ಅದನ್ನು ಯಾವ ಕಲ್ಲೂ ಹೇಳುವುದಿಲ್ಲವೆಂದೆನು. ಈಗ ನನ್ನ ತರಗತಿಯ ಕಪ್ಪುಹಲಗೆಯ ಮೇಲೆ ಪಾಠದ ಕೊನೆಯ ವಾಕ್ಯ ಬೇರೆಯಾಗಿದೆ: ಅಶೋಕನು ಕೊಲ್ಲುವುದನ್ನು ಕಡಿಮೆ ಮಾಡಿದನು, ಮತ್ತು ಎಷ್ಟು ಉಳಿದಿದೆಯೆಂಬುದನ್ನು ಬಚ್ಚಿಡಲಿಲ್ಲ.