ಮಳೆ ಕೈಕೊಟ್ಟಾಗ: ಬೆಳೆ ವಿಮೆಯ ಕಥೆ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸಹ್ಯಾದ್ರಿಯ ಮಳೆ ನೆರಳಿನ ಪ್ರದೇಶದಲ್ಲಿವೆ. ಮುಂಗಾರು ಮೋಡಗಳು ಘಟ್ಟದಲ್ಲೇ ಹೆಚ್ಚು ನೀರು ಸುರಿಸುವುದರಿಂದ ಇಲ್ಲಿ ಮಳೆ ಕಡಿಮೆ. ಬರುವ ಹೊತ್ತೂ ಅನಿಶ್ಚಿತ. ಆದರೂ ಇಲ್ಲಿ ಬೇಸಾಯ ನಿಂತಿಲ್ಲ. ಇದು ಹೇಗೆ ಸಾಧ್ಯವಾಯಿತು?

ಇಲ್ಲಿನ ರೈತರು ಒಂದೇ ಬೆಳೆಯನ್ನು ನಂಬಿದವರಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಜೋಳಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿ ಬಾಡಿದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಉಳಿಯುತ್ತಿತ್ತು. ಮುಂಗಾರು ತಪ್ಪಿದರೆ ತಡವಾಗಿ ಹುರುಳಿ ಚೆಲ್ಲುತ್ತಿದ್ದರು. ಕೆರೆ, ಕುರಿ, ಹುಣಸೆಮರಗಳೂ ಕಷ್ಟಕಾಲದ ಆಸರೆಯಾಗಿದ್ದವು. ಇವೆಲ್ಲ ಒಂದು ಬಗೆಯ ವಿಮೆಯೇ.

ಆದರೆ ಇಡೀ ಸೀಮೆಗೇ ಮಳೆ ಕೈಕೊಟ್ಟರೆ? 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗದಷ್ಟು ಜನ ಸತ್ತರು. ನೆರೆಯವನ ಕಣಜವೂ ಬರಿದಾದಾಗ ಸಾಲ ಕೊಡುವವರು ಯಾರು?

ಈ ಪ್ರಶ್ನೆಗೆ ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿ ಅವರು 1920ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಉತ್ತರ ಸೂಚಿಸಿದರು. ಒಬ್ಬೊಬ್ಬರ ಹೊಲದ ನಷ್ಟವನ್ನೂ ಅಳೆಯುವುದು ಕಷ್ಟ. ಪರಿಹಾರ ಹೇಗೂ ಬರುತ್ತದೆಂದು ಯಾರಾದರೂ ಬೇಸಾಯವನ್ನು ಕಡೆಗಣಿಸಲೂಬಹುದು. ಆದ್ದರಿಂದ ಆಯಾ ಪ್ರದೇಶದ ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ನಿಗದಿತ ಮಟ್ಟಕ್ಕಿಂತ ಮಳೆ ಕಡಿಮೆಯಾದರೆ ವಿಮೆ ಮಾಡಿಸಿದವರಿಗೆಲ್ಲ ಹಣ ಸಲ್ಲಬೇಕು. ಇದು ಅವರ ಯೋಚನೆ. ಮಳೆಮಾಪಕಕ್ಕೆ ಪಕ್ಷಪಾತವಿಲ್ಲವಷ್ಟೆ! ಆದರೆ ಆಗ ಅದು ಜಾರಿಗೆ ಬರಲಿಲ್ಲ.

ಮುಂದೆ ಈ ಸೀಮೆಯಲ್ಲಿ ಮಾರಾಟದ ಬೆಳೆಯಾದ ಕಡಲೆಕಾಯಿ ಹರಡಿತು. ಬೀಜ, ಗೊಬ್ಬರಕ್ಕೆ ಸಾಲ ಬೇಕು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋದರೆ ಸಾಲವೊಂದೇ ಉಳಿಯುತ್ತದೆ. 1985ರಲ್ಲಿ ದೇಶದಲ್ಲಿ ಆರಂಭವಾದ ಸಮಗ್ರ ಬೆಳೆ ವಿಮಾ ಯೋಜನೆ ಬೆಳೆ ಸಾಲಕ್ಕೇ ಹೊಂದಿಕೊಂಡಿತ್ತು. 2007ರಲ್ಲಿ ಹವಾಮಾನ ಆಧಾರಿತ ವಿಮೆ ಕರ್ನಾಟಕದಲ್ಲಿ ಪ್ರಯೋಗಕ್ಕೆ ಬಂದಾಗ ಚಕ್ರವರ್ತಿಯವರ ಯೋಚನೆಗೆ ಮರುಜೀವ ಬಂದಂತಾಯಿತು. 2016ರ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತರು ಕಟ್ಟಬೇಕಾದ ಕಂತು ವಿಮಾ ಮೊತ್ತದ ಶೇಕಡಾ 2ನ್ನು ಮೀರುವುದಿಲ್ಲ. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಇಲ್ಲಿ ಪರಿಹಾರ ಮುಖ್ಯವಾಗಿ ಆಯಾ ಪ್ರದೇಶದ ಸರಾಸರಿ ಇಳುವರಿಯನ್ನು ಅವಲಂಬಿಸಿದೆ.

ತೊಡಕು ಇರುವುದೂ ಇಲ್ಲೇ. ಒಂದೂರಿಗೆ ಬಿದ್ದ ಮಳೆ ಪಕ್ಕದೂರಿಗೆ ಬೀಳದಿರಬಹುದು. ಸರಾಸರಿ ಚೆನ್ನಾಗಿದ್ದರೆ, ಬೆಳೆ ಒಣಗಿದವನಿಗೂ ಪರಿಹಾರ ಸಿಗದು. ಆದ್ದರಿಂದಲೇ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ವಿಮಾ ಘಟಕವಾಗಿಸಲಾಗಿದೆ.

ವಿಮೆ ಹಣ ಕೊಡಬಲ್ಲದು. ರಾಗಿಯನ್ನೋ ದನಗಳ ಮೇವನ್ನೋ ಕೊಡದು. ಅಕ್ಕಡಿ ಸಾಲು ಅವನ್ನು ಕೊಡುತ್ತದೆ. ಆದರೆ ಸಾಲ ತೀರಿಸದು. ಹಾಗಾಗಿ ಎರಡೂ ಬೇಕು. ನಿಮ್ಮೂರಿಗೆ ಹತ್ತಿರದ ಮಳೆಮಾಪಕ ಎಲ್ಲಿದೆ? ಅಲ್ಲಿಂದ ನಿಮ್ಮ ಹೊಲ ಎಷ್ಟು ದೂರ? ಕೇಳಿ ತಿಳಿಯಿರಿ.