ಬಿಚ್ಚಲೆಂದೇ ಹೆಣೆದ ಕಂಕಣ

ಅಕ್ಕನ ಮಗ ಕುಮಾರ ಪರ್ವತಕ್ಕೆ ಚಾರಣ ಹೊರಡುವ ಹಿಂದಿನ ವಾರ ಮನೆಗೆ ಬಂದಿದ್ದ. ಎಡಗೈ ಮಣಿಕಟ್ಟಿನಲ್ಲಿ ಹಸಿರು ಹಗ್ಗದಿಂದ ದಪ್ಪಗೆ ಹೆಣೆದ ಒಂದು ಬಳೆ.

‘ಇದೇನೋ, ಜಾತ್ರೇಲಿ ಕಟ್ಟಿಸಿಕೊಂಡ್ಯಾ?’ ಎಂದೆ.

‘ಅಲ್ಲ ಮಾಮ, ಪ್ಯಾರಾಕಾರ್ಡ್ ಬ್ರೇಸ್ಲೆಟ್. ಕಾಡಲ್ಲಿ ಏನಾದ್ರೂ ಆದ್ರೆ ಬಿಚ್ಚಿಕೊಂಡರೆ ಸಾಕು, ಉದ್ದನೆ ಹಗ್ಗ ಸಿಗುತ್ತೆ. ಇನ್ನೂರೈವತ್ತು ಕೆಜಿ ತಡೆಯುತ್ತಂತೆ.’

‘ಬಿಚ್ಚಿ ನೋಡಿದ್ದೀಯಾ?’

‘ಬಿಚ್ಚಿದ್ರೆ ಹಾಳಾಗಲ್ವಾ?’

ಕಷ್ಟಕಾಲದಲ್ಲಿ ಬಿಚ್ಚಲೆಂದೇ ಕೊಂಡ ವಸ್ತುವನ್ನು ಹಾಳಾದೀತೆಂದು ಬಿಚ್ಚದೆ ಇಟ್ಟುಕೊಂಡಿದ್ದ. ಇಬ್ಬರೂ ಜಗಲಿಯ ಮೇಲೆ ಕೂತು ಬಿಚ್ಚಲು ಹೊರಟೆವು. ಕೊನೆಗಳನ್ನು ಕರಗಿಸಿ ಅಂಟಿಸಿದ್ದರಿಂದ ಉಗುರಿಗೆ ಜಗ್ಗಲಿಲ್ಲ, ಬ್ಲೇಡು ಬೇಕಾಯಿತು. ಕೊನೆಗೂ ಕೈಗೆ ಬಂದ ಹಗ್ಗವನ್ನು ಅಡ್ಡ ಕತ್ತರಿಸಿ ನೋಡಿದರೆ ಹಸಿರು ಹೊದಿಕೆಯೊಳಗೆ ಎಳೆಗಳೇ ಇಲ್ಲ. ಹಳೆಯ ದಿಂಬಿನಿಂದ ಇಣುಕುವ ಹತ್ತಿಯಂಥ ಬಿಳಿ ನಾರಿನ ಒಂದು ಕುಚ್ಚು. ಎರಡು ಕೈಗೂ ಸುತ್ತಿಕೊಂಡು ಜೋರಾಗಿ ಎಳೆದಾಗ ಹೊದಿಕೆ ಹಿಂಜಿಹೋಯಿತು.

ಅವನ ಮುಖ ಸಣ್ಣದಾಯಿತು. ‘ಹಾಗಾದ್ರೆ ಒಳಗೆ ಏನಿರಬೇಕಿತ್ತು?’ ಎಂದ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಪ್ಯಾರಾಕಾರ್ಡ್ ಎಂದರೆ ಪ್ಯಾರಾಚೂಟಿನ ಹಗ್ಗ. ಆಕಾಶದಲ್ಲಿ ಅರಳುವ ಕೊಡೆಗೂ ಅದಕ್ಕೆ ಜೋತುಬಿದ್ದ ಮನುಷ್ಯನಿಗೂ ನಡುವಿನ ಸಂಬಂಧ ಅದೊಂದೇ. ಎರಡನೇ ಮಹಾಯುದ್ಧದ ಮೊದಲು ಈ ಕೊಡೆ ಮುಖ್ಯವಾಗಿ ರೇಷ್ಮೆಯದು. ಹಗುರ, ಗಟ್ಟಿ, ಮಡಿಸಿದರೆ ಸಣ್ಣ ಚೀಲದಲ್ಲಿ ಅಡಗುತ್ತದೆ. ತೊಂದರೆ ಏನೆಂದರೆ, ಅಮೆರಿಕಕ್ಕೆ ಬರುತ್ತಿದ್ದ ರೇಷ್ಮೆಯಲ್ಲಿ ಬಹುಪಾಲು ಜಪಾನಿನದು. 1941ರಲ್ಲಿ ಎರಡು ದೇಶಗಳ ವ್ಯಾಪಾರ ಕಡಿದುಬಿತ್ತು. ವರ್ಷದ ಕೊನೆಗೆ ಯುದ್ಧವೇ ಶುರುವಾಯಿತು. ಸೈನಿಕರನ್ನು ವಿಮಾನದಿಂದ ಇಳಿಸುವ ಯೋಜನೆಗಳು ಬೆಳೆಯುತ್ತಿದ್ದ ಹೊತ್ತಿಗೇ ಕೊಡೆಯ ಬಟ್ಟೆಗೆ ಬರ ಬಂತು.

ಅದಕ್ಕೆ ಉತ್ತರ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು, ಆದರೆ ಬೇರೆ ಉದ್ದೇಶಕ್ಕೆ. ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ಎಂಬ ರಸಾಯನ ವಿಜ್ಞಾನಿಯ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. ಖಿನ್ನತೆಯಿಂದ ಬಳಲುತ್ತಿದ್ದ ಕ್ಯಾರೊಥರ್ಸ್ 1937ರಲ್ಲಿ ತಾನೇ ಜೀವ ಕಳೆದುಕೊಂಡ. 1938ರಲ್ಲಿ ಕಂಪನಿ ನೈಲಾನನ್ನು ಲೋಕಕ್ಕೆ ಪ್ರಕಟಿಸಿದಾಗ ಅವನಿರಲಿಲ್ಲ. 1940ರ ಮೇ ತಿಂಗಳಲ್ಲಿ ನೈಲಾನ್ ಕಾಲುಚೀಲಗಳು ಅಮೆರಿಕದ ಅಂಗಡಿಗಳಿಗೆ ಬಂದು ಹೆಂಗಸರು ಸಾಲುಗಟ್ಟಿ ಕೊಂಡರು. ಎರಡೇ ವರ್ಷದಲ್ಲಿ ಆ ನೂಲೆಲ್ಲ ಯುದ್ಧಕ್ಕೆ ಹೋಯಿತು. ಕಾಲುಚೀಲ ಆಗಬೇಕಿದ್ದದ್ದು ಪ್ಯಾರಾಚೂಟ್ ಆಯಿತು, ಹಗ್ಗವಾಯಿತು.

ಈ ಹೊಸ ಬಟ್ಟೆಯನ್ನು ನಂಬಿ ಯಾರಾದರೂ ಮೊದಲು ಹಾರಬೇಕಿತ್ತಲ್ಲ? ಪ್ಯಾರಾಚೂಟ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅಡೆಲಿನ್ ಗ್ರೇ ಎಂಬ ಯುವತಿ 1942ರ ಜೂನ್ 6ರಂದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ನೈಲಾನ್ ಪ್ಯಾರಾಚೂಟಿನಿಂದ ಹಾರಿ ಸುರಕ್ಷಿತವಾಗಿ ಇಳಿದಳು. ಸರಿಯಾಗಿ ಎರಡು ವರ್ಷಕ್ಕೆ, 1944ರ ಜೂನ್ 6ರ ನಸುಕಿನಲ್ಲಿ, 13 ಸಾವಿರದಷ್ಟು ಅಮೆರಿಕನ್ ಸೈನಿಕರು ನಾರ್ಮಂಡಿಯ ಕತ್ತಲೆಗೆ ಪ್ಯಾರಾಚೂಟುಗಳಲ್ಲಿ ಇಳಿದರು.

ರೇಷ್ಮೆಯ ಆ ಬರ ನಮ್ಮ ನೆಲವನ್ನೂ ತಟ್ಟಿತ್ತು. ಪ್ಯಾರಾಚೂಟಿಗೆಂದು ಮೈಸೂರು ಸೀಮೆಯ ರೇಷ್ಮೆಗೆ ಯುದ್ಧಕಾಲದಲ್ಲಿ ಬೇಡಿಕೆ ಏರಿತು. ಹಿಪ್ಪುನೇರಳೆ ಸೊಪ್ಪು ತಿಂದು ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಹುಳುವಿನ ನೂಲು ಸೀರೆಯಾಗುವ ಬದಲು ಯುದ್ಧಕ್ಕೆ ಹೊರಟಿತು. ಅತ್ತ ಬರ್ಮಾ ಗಡಿಯ ಕಾಡಿನಲ್ಲಿ ಜನರಲ್ ಸ್ಲಿಮ್‌ನ 14ನೇ ಸೇನೆಗೆ ಅನ್ನ, ಮದ್ದುಗುಂಡು ಎಲ್ಲವೂ ಆಕಾಶದಿಂದಲೇ ಬೀಳಬೇಕಿತ್ತು. ಅಷ್ಟು ಪ್ಯಾರಾಚೂಟುಗಳು ಎಲ್ಲಿಂದ ಬರಬೇಕು? ಸ್ಲಿಮ್ ಕಲ್ಕತ್ತೆಯ ಸೆಣಬಿನ ಗಿರಣಿಗಳ ಕಡೆ ನೋಡಿದ. ಗೋಣಿಚೀಲ ನೇಯುತ್ತಿದ್ದ ಸೆಣಬಿನಲ್ಲೇ ಸಾಮಾನು ಇಳಿಸುವ ಪ್ಯಾರಾಚೂಟುಗಳು ತಯಾರಾದವು. ಅವಕ್ಕೆ ‘ಪ್ಯಾರಾಜೂಟ್’ ಎಂದೇ ಹೆಸರು. ರೂಢಿಯ ಪ್ಯಾರಾಚೂಟಿಗೆ 20 ಪೌಂಡಿಗೂ ಹೆಚ್ಚು ಬೆಲೆಯಾದರೆ ಇದಕ್ಕೆ ಒಂದು ಪೌಂಡಿಗಿಂತ ತುಸು ಹೆಚ್ಚು ಎಂದು ಸ್ಲಿಮ್ ಆಮೇಲೆ ತನ್ನ ಯುದ್ಧದ ನೆನಪುಗಳಲ್ಲಿ ಬರೆದ. ಇರುವುದರಲ್ಲೇ ಬದುಕುವ ಬುದ್ಧಿ ಈ ಹಗ್ಗದ ಚರಿತ್ರೆಯುದ್ದಕ್ಕೂ ಕಾಣುತ್ತದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಒಳಗೆ ಏನಿರಬೇಕಿತ್ತು?

ಅಮೆರಿಕದ ಸೇನೆ ಪ್ಯಾರಾಚೂಟ್ ಹಗ್ಗಕ್ಕೆ ಗೊತ್ತುಮಾಡಿದ ನಿಯಮಾವಳಿಯಲ್ಲಿ ಹಲವು ದರ್ಜೆಗಳಿವೆ. ಮೊದಲ ದರ್ಜೆಯದು 95 ಪೌಂಡ್ ಭಾರಕ್ಕೆ, ಅಂದರೆ ಸುಮಾರು 43 ಕಿಲೋ ತಡೆದರೆ ಸಾಕು. ನಾಲ್ಕನೆಯದು 750 ಪೌಂಡ್ ತಡೆಯಬೇಕು. ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಮೂರನೇ ದರ್ಜೆ. ಅದು 550 ಪೌಂಡ್, ಅಂದರೆ ಸುಮಾರು 249 ಕಿಲೋ ತಡೆಯಬೇಕು. ಅದರಿಂದಲೇ ‘550 ಕಾರ್ಡ್’ ಎಂಬ ಅಡ್ಡಹೆಸರು. ದಪ್ಪ ಸುಮಾರು 4 ಮಿಲಿಮೀಟರ್. ಹೊರಗೆ ನೇಯ್ದ ನೈಲಾನ್ ಹೊದಿಕೆ, ಒಳಗೆ ಏಳರಿಂದ ಒಂಬತ್ತು ಎಳೆ. ಒಂದೊಂದು ಎಳೆಯೂ ಮೂರು ನೂಲು ಸೇರಿಸಿ ಹೊಸೆದ ಹುರಿ. ಮುರಿಯುವ ಮುನ್ನ ಈ ಹಗ್ಗ ತನ್ನ ಉದ್ದದ ಶೇಕಡ 30ರಷ್ಟಾದರೂ ಹಿಗ್ಗಬೇಕು. ಕೊಡೆ ಫಕ್ಕನೆ ಅರಳಿದಾಗ ಬೀಳುವ ಎಳೆತವನ್ನು ನುಂಗುವುದು ಆ ಹಿಗ್ಗು.

ಇಲ್ಲಿ ಒಂದು ಮಾತು ಮರೆಯಬಾರದು. ಆ ಯುದ್ಧದಲ್ಲಿ ಅಮೆರಿಕನ್ ಸೈನಿಕರು ಬಳಸಿದ ಪ್ಯಾರಾಚೂಟಿಗೆ 28 ಹಗ್ಗಗಳಿದ್ದವು. ಒಬ್ಬ ಮನುಷ್ಯನ ಭಾರ 28 ಹಗ್ಗಗಳಿಗೆ ಹಂಚಿಹೋಗುತ್ತಿತ್ತು. ಒಂದೇ ಹಗ್ಗಕ್ಕೆ ಒಬ್ಬ ಮನುಷ್ಯ ಜೋತುಬೀಳಲಿ ಎಂದು ಯಾರೂ ಅದನ್ನು ಮಾಡಲಿಲ್ಲ. 249 ಕಿಲೋ ಎನ್ನುವುದು ಹೊಸ ಹಗ್ಗವನ್ನು ನೇರವಾಗಿ, ನಿಧಾನವಾಗಿ ಎಳೆದಾಗಿನ ಲೆಕ್ಕ. ಗಂಟು ಹಾಕಿದರೆ ಬಲ ಕುಗ್ಗುತ್ತದೆ, ಕಲ್ಲಿನ ಅಂಚಿಗೆ ತಿಕ್ಕಿದರೆ ಇನ್ನೂ ಕುಗ್ಗುತ್ತದೆ. ಅರವತ್ತು ಕಿಲೋದ ಮನುಷ್ಯ ಎರಡು ಮೀಟರ್ ಜಾರಿ ಬಿದ್ದರೆ ಹಗ್ಗದ ಮೇಲೆ ಬೀಳುವ ಎಳೆತ ಅರವತ್ತು ಕಿಲೋದ್ದಲ್ಲ, ಅದರ ಎಷ್ಟೋ ಪಟ್ಟು. ಬಂಡೆ ಹತ್ತಲು, ಬಾವಿಗೆ ಇಳಿಯಲು, ಹಳ್ಳ ದಾಟುವಾಗ ಜೀವ ನೆಚ್ಚಲು ಇದು ಹಗ್ಗವಲ್ಲ. ‘250 ಕೆಜಿ’ ಎಂಬ ಚೀಟಿ ಓದಿ ಹುರುಪುಗೊಳ್ಳುವ ಹುಡುಗರಿಗೆ ಮೊದಲು ಹೇಳಬೇಕಾದದ್ದು ಇದು.

ಹಾಗಾದರೆ ಯಾವುದಕ್ಕೆ? ಅದನ್ನು ಸೈನಿಕರೇ ಕಂಡುಕೊಂಡರು. ಇಳಿದ ಮೇಲೆ ಪ್ಯಾರಾಚೂಟಿಗೆ ಕೆಲಸವಿಲ್ಲ, ಆದರೆ ಅದರ ಹಗ್ಗ ಕತ್ತರಿಸಿ ಜೇಬಿಗೆ ಹಾಕಿಕೊಂಡವನಿಗೆ ನೂರು ಕೆಲಸ. ಹೊರೆ ಕಟ್ಟಲು, ಗುಡಾರ ಎಳೆದು ನಿಲ್ಲಿಸಲು, ಬೂಟಿಗೆ ಲಾಡಿಯಾಗಲು ಇಡೀ ಹಗ್ಗ. ಹೊಲಿಯಲು, ಗಾಳಕ್ಕೆ ಕಟ್ಟಲು ಒಳಗಿನ ಎಳೆ. ಒಂದು ಮೀಟರ್ ಹಗ್ಗವನ್ನು ಬಿಚ್ಚಿದರೆ ಏಳು ಮೀಟರಿಗೂ ಮಿಕ್ಕಿ ದಾರ. ಈ ಹಗ್ಗದ ನಿಜವಾದ ಗುಣ ಎಷ್ಟು ಭಾರ ತಡೆಯುತ್ತದೆ ಎನ್ನುವುದರಲ್ಲಿಲ್ಲ, ಎಷ್ಟು ಬಗೆಯಲ್ಲಿ ಬಿಚ್ಚಿಕೊಳ್ಳುತ್ತದೆ ಎನ್ನುವುದರಲ್ಲಿದೆ.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಒಂದು ಮದುವೆಯ ಉಡುಪು ಇದೆ. 1944ರ ಆಗಸ್ಟಿನಲ್ಲಿ ಜಪಾನಿನ ಮೇಲೆ ದಾಳಿ ಮಾಡಿ ಮರಳುತ್ತಿದ್ದ ಬಾಂಬರ್ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿ, ಪೈಲಟ್ ಚೀನಾದ ನೆಲಕ್ಕೆ ಹಾರಿಕೊಂಡ. ನೆರವು ಬರುವ ತನಕ ಆ ನೈಲಾನ್ ಪ್ಯಾರಾಚೂಟೇ ಅವನಿಗೆ ದಿಂಬು, ಅದೇ ಹೊದಿಕೆ. ಊರಿಗೆ ಮರಳಿ ತಾನು ಮೆಚ್ಚಿದ ಹುಡುಗಿಗೆ ಅದನ್ನೇ ಕೊಟ್ಟು, ಇದರಿಂದ ಮದುವೆಯ ಉಡುಪು ಹೊಲಿಸಿಕೋ ಎಂದ. 1947ರಲ್ಲಿ ಅವಳು ಅದನ್ನು ಉಟ್ಟಳು. ಕೊಡೆಯ ಹಗ್ಗಗಳನ್ನೇ ಎಳೆದು ಲಂಗದ ಮುಂಭಾಗ ಗಿಡ್ಡವಾಗುವಂತೆ, ಹಿಂದೆ ಸೆರಗಿನಂತೆ ನೆಲಕ್ಕೆ ಹರಡುವಂತೆ ನೆರಿಗೆ ಕೂರಿಸಿದ್ದಳು. ಐವತ್ತು ವರ್ಷಗಳ ನಂತರ ಇದೇ ಬಗೆಯ ಹಗ್ಗ ಭೂಮಿಯನ್ನೇ ಬಿಟ್ಟು ಹೋಯಿತು. 1997ರ ಫೆಬ್ರವರಿಯಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಹೋದ ಗಗನಯಾತ್ರಿಗಳು ಅದರ ಶಾಖರಕ್ಷಕ ಹೊದಿಕೆ ಹರಿದಿರುವುದನ್ನು ಕಂಡು, ಕೈಗೆ ಸಿಕ್ಕ ಸಾಮಾನಿನಲ್ಲೇ ತೇಪೆ ಮಾಡಿ, ಪ್ಯಾರಾಚೂಟ್ ಹಗ್ಗ ಮತ್ತು ತಂತಿಯಿಂದ ಕಟ್ಟಿಬಂದರು. ಸೋರುವ ಮಾಡಿಗೆ ನಮ್ಮಜ್ಜ ಅಡಕೆ ಹಾಳೆ ಬಿಗಿದ ಹಾಗೆ.

ಹೀಗೆ ಬಿಚ್ಚುವವರ ಕೈಯಲ್ಲಿ ಬೆಳೆದ ಹಗ್ಗ ಮಣಿಕಟ್ಟಿಗೆ ಏರಿದ್ದು ಹೊತ್ತುಕೊಳ್ಳುವ ಅನುಕೂಲಕ್ಕೆ. ಜೇಬಿನಲ್ಲಿಟ್ಟರೆ ಸಿಕ್ಕುಬೀಳುತ್ತದೆ, ಹೆಣೆದು ತೊಟ್ಟರೆ ಭಾರವಿಲ್ಲ. ಆದರೆ ತೊಟ್ಟದ್ದು ಚೆಂದ ಕಂಡಿತು, ಚೆಂದದ್ದಕ್ಕೆ ಮಾರುಕಟ್ಟೆ ಹುಟ್ಟಿತು. ಬಿಚ್ಚಿ ನೋಡುವವರು ಇಲ್ಲ ಎಂದು ಗೊತ್ತಾದ ಮೇಲೆ ಒಳಗೆ ಎಳೆ ತುಂಬುವ ಖರ್ಚು ಯಾಕೆ? ನಮ್ಮ ಕೈಗೆ ಬಂದ ಬಿಳಿ ಕುಚ್ಚು ಬಂದದ್ದು ಹೀಗೆ.

ಆದ್ದರಿಂದ ಮನೆಯಲ್ಲೇ ಹೆಣೆಯುವುದು ಒಳ್ಳೆಯದು. ಬಣ್ಣ ಕಡೆಗೆ ನೋಡಿದರಾಯಿತು, ಮೊದಲು ತುದಿ ನೋಡಬೇಕು. ಹೊದಿಕೆಯನ್ನು ಹಿಂದಕ್ಕೆ ಸರಿಸಿ ಎಳೆಗಳನ್ನು ಎಣಿಸಿ: ಏಳಾದರೂ ಇರಲಿ. ಒಂದು ಎಳೆಯನ್ನು ಉಗುರಿನಿಂದ ಬಿಡಿಸಿದರೆ ಹೊಸೆದ ನೂಲುಗಳು ಬೇರೆಬೇರೆಯಾಗಿ ಕಾಣಬೇಕು. ಸೇನೆಯ ಲೆಕ್ಕದ್ದರಲ್ಲಿ ಮೂರು, ಪೇಟೆಯ ಒಳ್ಳೆಯ ಹಗ್ಗದಲ್ಲಿ ಸಾಮಾನ್ಯವಾಗಿ ಎರಡು. ನೈಲಾನೋ ಪಾಲಿಯೆಸ್ಟರೋ ಕೇಳಿಕೊಳ್ಳಿ. ನೈಲಾನ್ ಹೆಚ್ಚು ಹಿಗ್ಗುತ್ತದೆ, ಒದ್ದೆಯಾದರೆ ಕೊಂಚ ಸಡಿಲವಾಗುತ್ತದೆ. ಪಾಲಿಯೆಸ್ಟರ್ ಹಿಗ್ಗುವುದು ಕಡಿಮೆ, ಬಿಸಿಲು ಮಳೆಗೆ ಚೆನ್ನಾಗಿ ತಾಳುತ್ತದೆ. ಎರಡೂ ಕೆಟ್ಟದ್ದಲ್ಲ, ಒಂದರ ಹೆಸರಲ್ಲಿ ಇನ್ನೊಂದನ್ನು ಕೊಳ್ಳಬಾರದು ಅಷ್ಟೆ. ಪ್ಲಾಸ್ಟಿಕ್ ಬಕಲ್ ಅನುಕೂಲ, ಆದರೆ ಹಗ್ಗಕ್ಕಿಂತ ಮೊದಲು ಮುರಿಯುವುದು ಅದೇ. ಬಕಲ್ ಬೇಡವಾದರೆ ಒಂದು ತುದಿಗೆ ಕುಣಿಕೆ, ಇನ್ನೊಂದಕ್ಕೆ ಗುಂಡಿಯಂಥ ಗಂಟು ಸಾಕು.

ಅಳತೆ ಸುಲಭ. ಒಂದು ಇಂಚು ಬಳೆಗೆ ಸುಮಾರು ಒಂದು ಅಡಿ ಹಗ್ಗ ಹಿಡಿಯುತ್ತದೆ. ಎಂಟು ಇಂಚಿನ ಬಳೆಗೆ ಎಂಟು ಅಡಿ. ಕೈತಪ್ಪಿಗೆಂದು ಸೇರಿಸಿ ಮೂರು ಮೀಟರ್ ತಂದರೆ ನೆಮ್ಮದಿ. ಹಗ್ಗವನ್ನು ಸರಿಯಾಗಿ ಎರಡು ಮಡಿಸಿ, ಮಡಿಕೆಯನ್ನು ಬಕಲಿನ ಒಂದು ಭಾಗಕ್ಕೆ ತೂರಿಸಿ ಬಿಗಿಯಿರಿ. ಎರಡು ತುದಿಗಳನ್ನೂ ಇನ್ನೊಂದು ಭಾಗದೊಳಗೆ ಹಾಯಿಸಿ, ಮಣಿಕಟ್ಟಿನ ಸುತ್ತಳತೆಗೆ ಒಂದು ಇಂಚು ಸೇರಿಸಿ ಅಲ್ಲಿಗೆ ನಿಲ್ಲಿಸಿ. ಈಗ ನಡುವೆ ಎರಡು ಹಗ್ಗ, ಆಚೆಗೊಂದು ಈಚೆಗೊಂದು ತುದಿ. ಎಡದ ತುದಿಯನ್ನು ನಡುವಿನ ಹಗ್ಗಗಳ ಮೇಲಿಂದ ಬಲಕ್ಕೆ ತನ್ನಿ. ಬಲದ ತುದಿಯನ್ನು ಅದರ ಮೇಲೆ ಹಾಯಿಸಿ, ನಡುವಿನ ಹಗ್ಗಗಳ ಅಡಿಯಿಂದ ತಂದು, ಎಡಗಡೆಯ ಕುಣಿಕೆಯಲ್ಲಿ ಮೇಲೆತ್ತಿ ಬಿಗಿಯಿರಿ. ಮುಂದಿನ ಗಂಟು ಇದರದೇ ಕನ್ನಡಿ ಬಿಂಬ, ಬಲದಿಂದ ಶುರು. ಎಡ ಬಲ ಅದಲುಬದಲಾಗಿ ಹೋದರೆ ಬಳೆ ಚಪ್ಪಟೆಯಾಗಿ ಕೂರುತ್ತದೆ. ಮರೆತು ಒಂದೇ ಕಡೆಯಿಂದ ಹಾಕುತ್ತ ಹೋದರೆ ಸುರುಳಿ ಸುತ್ತಿಕೊಳ್ಳುತ್ತದೆ. ಅಕ್ಕನ ಮಗ ಮೊದಲ ಸಲ ಸುರುಳಿಯನ್ನೇ ಮಾಡಿದ, ಎರಡನೇ ಸಲ ಸರಿಹೋಯಿತು.

ಮುಗಿದ ಮೇಲೆ ತುದಿ ಕತ್ತರಿಸಿ ಮೇಣದ ಬತ್ತಿಗೆ ಹಿಡಿದು ಕರಗಿಸಿ, ಚಮಚದ ಹಿಂಬದಿಯಿಂದ ಒತ್ತಬೇಕು. ಬೆರಳಿನಿಂದ ಮಾತ್ರ ಬೇಡ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ. ಪೂರ್ತಿ ಬೆಸೆದುಬಿಡುವುದೂ ಬೇಡ. ನೂಲು ಬಿಚ್ಚಿಕೊಳ್ಳದಷ್ಟು ತುದಿಯನ್ನು ಮಾತ್ರ ಕರಗಿಸಿ, ಕೊನೆಯ ಗಂಟುಗಳ ಅಡಿಗೆ ಸಿಕ್ಕಿಸಿದರೆ ಬೇಕೆಂದಾಗ ಬರಿಗೈಯಲ್ಲೇ ಬಿಚ್ಚಬಹುದು.

ನಮಗೆ ಮೈಮೇಲೆ ದಾರ ಕಟ್ಟಿಕೊಳ್ಳುವುದು ಹೊಸದೇನಲ್ಲ. ಹುಟ್ಟಿದ ಮಗುವಿಗೆ ಉಡುದಾರ, ಮದುವೆಗೆ ಕಂಕಣ, ದೇವಸ್ಥಾನದಿಂದ ಬಂದ ದಾರ. ಅವು ಕಾಯುವುದು ಕಟ್ಟಿಕೊಂಡಿರುವ ತನಕ. ಈ ಬಳೆ ಕಾಯುವುದು ಬಿಚ್ಚಿದ ಮೇಲೆ. ಎರಡನ್ನೂ ಒಂದೇ ಎಂದುಕೊಂಡು ತೊಟ್ಟಾಗಲೇ ಒಳಗೆ ಹತ್ತಿ ತುಂಬಿಸಿ ಮಾರುವವರಿಗೆ ದಾರಿ ಸುಗಮವಾಗುವುದು.

ಹೊರಡುವ ಮುನ್ನ ಅವನು ಮೂರು ಸಲ ಬಿಚ್ಚಿ ಮೂರು ಸಲ ಹೆಣೆದ. ಚಾರಣದಿಂದ ಮರಳಿದ ದಿನ ಬಾಗಿಲಲ್ಲಿ ನಿಂತವನ ಕೈ ಖಾಲಿ. ಕಳೆದುಕೊಂಡೆಯಾ ಎಂದು ಕೇಳುವ ಮೊದಲೇ ಕಾಲು ಮುಂದೆ ಚಾಚಿದ. ಅಟ್ಟೆ ಕಿತ್ತುಬಂದ ಬೂಟಿಗೆ ಹಸಿರು ಹಗ್ಗವನ್ನು ಸುತ್ತಿ ಸುತ್ತಿ ಬಿಗಿದಿತ್ತು.

‘ನನ್ನದಲ್ಲ ಮಾಮ, ಗೆಳೆಯನ ಬೂಟು. ಅವನಿಗೆ ನನ್ನ ಚಪ್ಪಲಿ ಕೊಟ್ಟು ಇದನ್ನ ನಾನು ಹಾಕ್ಕೊಂಡು ಬಂದೆ. ಗಂಟು ಹಾಕೋಕೆ ಬರ್ತಿದ್ದವನು ನಾನೊಬ್ಬನೇ.’