ಅಪ್ಪನ 4440 ಮತ್ತು ಗುಂಯ್ ಎನ್ನುವ ಸದ್ದು

ಕಳೆದ ಗಣೇಶನ ಹಬ್ಬಕ್ಕೆ ಓಣಿಯ ಹುಡುಗರು ಹಾಡು ಹಾಕಲು ಏನಾದರೂ ಇದೆಯಾ ಅಂತ ಕೇಳಿದರು. ಅಟ್ಟದ ಮೇಲಿದ್ದ ಅಪ್ಪನ ಆಂಪ್ಲಿಫೈಯರ್ ಇಳಿಸಿದೆ. ಬಿಸ್ಕತ್ತಿನ ಡಬ್ಬಿಯೊಳಗೆ ಒಂದು ಬೋರ್ಡು, ಅದರಲ್ಲಿ 14 ಕಾಲಿನ ಐಸಿ, ಅದರ ಬೆನ್ನಿಗೆ ಅಲ್ಯುಮಿನಿಯಂ ಪಟ್ಟಿ. ಸ್ವಿಚ್ ಹಾಕಿದರೆ ಹಾಡಿಗಿಂತ ಗುಂಯ್ ಸದ್ದೇ ಜೋರು. ಅಪ್ಪ ಹೋಗಿ ಆರು ವರ್ಷವಾಯಿತು. 'ಗುಜರಿಯವನು ಬಂದಾಗ ಕೊಟ್ಟುಬಿಡು' ಎಂದಳು ಅವ್ವ. ಮನಸ್ಸು ಬರಲಿಲ್ಲ.

ಆ ಐಸಿಗೊಂದು ಚರಿತ್ರೆಯಿದೆ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ ಜರ್ಮೇನಿಯಂನ ಒಂದೇ ತುಂಡಿನಲ್ಲಿ ಸರ್ಕ್ಯೂಟ್ ಮಾಡಿ ತೋರಿಸಿದರು. ಮರುವರ್ಷ ಫೇರ್‌ಚೈಲ್ಡ್‌ನ ರಾಬರ್ಟ್ ನಾಯ್ಸ್ ಸಿಲಿಕಾನ್‌ನಲ್ಲಿ ಅದನ್ನು ಹೇರಳವಾಗಿ ತಯಾರಿಸುವ ದಾರಿ ಹುಡುಕಿದರು. ಮುಂದೆ ಸ್ಪೀಕರನ್ನೇ ನಡೆಸಬಲ್ಲ ಐಸಿಗಳು ಬಂದವು. ಎಲ್‌ಎಂ 386 ಬ್ಯಾಟರಿ ರೇಡಿಯೊಗಳಿಗೆ ಸಾಕಾಯಿತು. ಜಪಾನಿನ ಸಾನ್ಯೊ ಕಂಪನಿಯ ಎಲ್‌ಎ 4440 ಕಾರಿನ ಸ್ಟೀರಿಯೊಗೆಂದು ಹುಟ್ಟಿದ್ದು. ಎರಡು ಚಾನಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಜೋಡಿಸಿದರೆ 19 ವ್ಯಾಟ್.

ನಮ್ಮಲ್ಲಿ ಕಾರಿದ್ದವರು ಎಷ್ಟು ಜನ? ಆದರೆ ಕ್ಯಾಸೆಟ್ ಕಾಲದಲ್ಲಿ ಆ ಐಸಿ ಕಾರಿನಿಂದ ಇಳಿದು ಟೇಪ್ ಡೆಕ್, ಟ್ರ್ಯಾಕ್ಟರ್, ಚಹಾದಂಗಡಿ ಸೇರಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐಸಿ, ಬೋರ್ಡು ತಂದು ಕಾವಿಗೆ ಹಿಡಿದವರೆಲ್ಲ ಆಂಪ್ಲಿಫೈಯರ್ ಮಾಡಿದರು. ಟ್ರಾನ್ಸಿಸ್ಟರ್‌ಗಳನ್ನು ಜೋಡಿ ನೋಡಿ ಹೊಂದಿಸುವ ಕಷ್ಟ ತಪ್ಪಿತ್ತು.

1999ರಲ್ಲಿ ಜಪಾನಿನ 47 ಲ್ಯಾಬೊರೇಟರಿ ಗೇನ್‌ಕಾರ್ಡ್ ಎಂಬ ಆಂಪ್ಲಿಫೈಯರ್ ತಂದಿತು. ಒಳಗಿದ್ದದ್ದು ಎಲ್‌ಎಂ 3875 ಐಸಿ, ಸುತ್ತ ಬೆರಳೆಣಿಕೆಯ ಬಿಡಿಭಾಗ. ಬೆಲೆ ಮಾತ್ರ ಸಾವಿರ ಡಾಲರ್‌ಗಿಂತ ಹೆಚ್ಚು. ಹವ್ಯಾಸಿಗಳು ಅದನ್ನು ಮನೆಯಲ್ಲೇ ಮಾಡಿ 'ಗೇನ್‌ಕ್ಲೋನ್' ಎಂದು ಹೆಸರಿಟ್ಟರು. ಕಡಿಮೆ ಬಿಡಿಭಾಗ ಅಲ್ಲಿ ಶೋಕಿ, ನಮ್ಮಪ್ಪನಿಗೆ ಅದು ಜೇಬಿನ ಲೆಕ್ಕ.

ಡಬ್ಬಿ ಹಿಡಿದು ತಾಲ್ಲೂಕು ಕೇಂದ್ರದ ರೇಡಿಯೊ ಮಾವನ ಹತ್ತಿರ ಹೋದೆ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳೇ ಹೆಚ್ಚು. ಮೊದಲು ವಾಲ್ಯೂಮ್ ಸೊನ್ನೆಗೆ ತಿರುಗಿಸಿದರು. ಗುಂಯ್ ಹಾಗೇ ಇತ್ತು. 'ಹಾಡಿನ ವೈರಿನಿಂದ ಬರ್ತಿಲ್ಲ' ಎಂದರು. ಸ್ಪೀಕರಿಗೆ ಕಿವಿಯಿಟ್ಟರು.

'ಇದು 100ರದ್ದಲ್ಲಪ್ಪ, 50ರ ಗುಂಯ್.'

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. 12-0-12 ಟ್ರಾನ್ಸ್‌ಫಾರ್ಮರ್‌ಗೆ ಎರಡು ಡಯೋಡ್ ಇದ್ದರೆ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತದೆ. ಒಂದು ಡಯೋಡ್ ಕೈಕೊಟ್ಟರೆ 50 ಸಲ ಮಾತ್ರ. ನಡುವಿನ ಬಿಡುವು ಹೆಚ್ಚಿ ವೋಲ್ಟೇಜ್ ಕುಸಿಯುತ್ತದೆ, ಅದೇ ಸದ್ದಾಗುತ್ತದೆ.

ಬಿದಿರುಕಡ್ಡಿಯಿಂದ ಡಯೋಡ್ ಒತ್ತಿದರು. ಗುಂಯ್ ಕಡಿಮೆಯಾಯಿತು. ಬಿಟ್ಟರೆ ಮತ್ತೆ ಬಂತು. ಡ್ರೈ ಸೋಲ್ಡರ್! ಐಸಿ ಗಟ್ಟಿಯಾಗಿಯೇ ಇತ್ತು. ಪ್ಲಗ್ ಕಿತ್ತು ಕಾವಿ ನನ್ನ ಕೈಗೆ ಕೊಟ್ಟರು.

'ನಿಮ್ಮಪ್ಪ ಅವಸರದಾಗ ಹಚ್ಚ್ಯಾನ. ನೀನರ ಸಾವಕಾಶ ಹಚ್ಚು.'

ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರಿಲ್ಲ. ಐಸಿ ಇವತ್ತೂ ಸಿಗುತ್ತದೆ. 50 ಯಾವುದು, 100 ಯಾವುದು ಎಂದು ಹೇಳುವ ಕಿವಿ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೇ ಇಷ್ಟನ್ನು ಬರೆದಿಟ್ಟೆ. ಹಬ್ಬದ ಐದು ದಿನವೂ ಡಬ್ಬಿ ಹಾಡಿತು. ಅವ್ವ ಗುಜರಿಯ ಮಾತು ಮತ್ತೆ ಎತ್ತಿಲ್ಲ.